ಮೊದಲು ರೋಟಿಫರ್, ಆಮೇಲೆ ಮೊಟ್ಟೆ: ಮನೆಯಲ್ಲಿ ಕ್ಲೌನ್ ಮೀನಿನ ಮರಿ ಮಾಡಿಸುವ ಬಗೆ

ಕಿತ್ತಳೆ ಮೈಗೆ ಬಿಳಿ ಪಟ್ಟೆಯ ಕಡಲ ಮೀನಾದ ಕ್ಲೌನ್ ಮೊಟ್ಟೆಯಿಟ್ಟ ಮೇಲೆ, ಅದರ ಮರಿಗಳ ಮೊದಲ ಆಹಾರವಾದ ರೋಟಿಫರ್ ಎಂಬ ಸೂಕ್ಷ್ಮ ನೀರುಜೀವಿಯನ್ನು ಹುಡುಕಲು ಹೊರಟರೆ ಮರಿಗಳು ಉಳಿಯುವುದಿಲ್ಲ. ಉಳಿದೆಲ್ಲ ಮಾತಿಗಿಂತ ಮೊದಲು ಇದನ್ನು ಹೇಳುತ್ತಿದ್ದೇನೆ, ಏಕೆಂದರೆ ನನಗೆ ಇದು ತಿಳಿದದ್ದು ಮರಿಗಳು ಸತ್ತ ಮೇಲೆ. ಐದು ವರ್ಷಗಳ ಹಿಂದೆ ನಮ್ಮ ಜೋಡಿ ಮೊದಲ ಬಾರಿ ಮೊಟ್ಟೆಯಿಟ್ಟಾಗ ಮನೆಯವರೆಲ್ಲ ತೊಟ್ಟಿಯ ಮುಂದೆ ಕುಳಿತು ಸಂಭ್ರಮಪಟ್ಟೆವು. ಎಂಟನೆಯ ರಾತ್ರಿ ಇನ್ನೂರರಷ್ಟು ಮರಿಗಳು ಹೊರಬಂದವು. ಸಿಹಿನೀರಿನ ಮೀನು ಸಾಕುವವರು ಮಾಡುವುದನ್ನು ನೋಡಿದ್ದ ನಾನು ಕೋಳಿಮೊಟ್ಟೆಯ ಹಳದಿಯನ್ನು ಬೇಯಿಸಿ, ಬಟ್ಟೆಯಲ್ಲಿ ಸೋಸಿ ಹಾಕಿದೆ. ಮೂರನೆಯ ದಿನ ಸಂಜೆ ಶಾಲೆಯಿಂದ ಬಂದು ನೋಡಿದರೆ ತೊಟ್ಟಿಯಲ್ಲಿ ಒಂದೂ ಇರಲಿಲ್ಲ. ಆಹಾರ ಅವುಗಳ ಸುತ್ತಲೇ ತೇಲುತ್ತಿತ್ತು. ಆದರೆ ಆ ಮರಿಗಳು ತಮ್ಮ ಕಣ್ಣೆದುರು ತಾನಾಗಿ ಚಲಿಸುವ, ತಮ್ಮ ಬಾಯಿಗೆ ಹಿಡಿಸುವ ಜೀವವನ್ನು ಮಾತ್ರ ಬೇಟೆಯಾಡುತ್ತವೆ. ಹಳದಿಯ ಪುಡಿ ನೀರನ್ನು ಕೆಡಿಸಿತು, ಅಷ್ಟೆ.

ನಾನು ಉಡುಪಿಯ ಪ್ರೌಢಶಾಲೆಯೊಂದರಲ್ಲಿ ವಿಜ್ಞಾನ ಕಲಿಸುತ್ತೇನೆ. ಮನೆ ಮಲ್ಪೆಯ ಹತ್ತಿರ. ಹಿತ್ತಲ ಕಡೆಯ ಚಾವಡಿಯಲ್ಲಿ ಈಗ ಮೂರು ಜೋಡಿ ಕ್ಲೌನ್ ಮೀನುಗಳಿವೆ. ಆ ಮೊದಲ ಸೋಲಿನ ಬಳಿಕ ಒಂದು ನೋಟುಪುಸ್ತಕ ಇಟ್ಟುಕೊಂಡಿದ್ದೇನೆ. ಎರಡನೆಯ ಸಲ ಉಳಿದವು ಹನ್ನೊಂದು, ಐದನೆಯ ಸಲ ನೂರ ನಲವತ್ತು. ಈ ಬರಹ ಬಹುಪಾಲು ಆ ಪುಸ್ತಕದಿಂದ ಬಂದದ್ದು. ಮೀನಿನ ಆಸೆ ಇರುವವರು ನನ್ನಲ್ಲಿಗೆ ಬಂದಾಗ ತಮಗೆ ಯಾವ ಯಾವ ಜಾತಿಯ ಮರಿ ಬೇಕು ಎಂದು ದೊಡ್ಡ ಪಟ್ಟಿಯನ್ನೇ ಹೇಳುತ್ತಾರೆ. ಆ ಪಟ್ಟಿಗೂ ಉತ್ತರ ಕೊಡುತ್ತೇನೆ. ಆದರೆ ಮೊದಲು ಓಸೆಲ್ಲಾರಿಸ್ ಎಂಬ ಜಾತಿಯ ಕ್ಲೌನ್‌ನಿಂದಲೇ ಶುರು ಮಾಡಿ ಎಂಬುದು ನನ್ನ ಬೇಡಿಕೆ.

ನೀರು

ನಮ್ಮ ಕರಾವಳಿಯವರಿಗೆ ಕಡಲು ಹತ್ತಿರವಿದೆ ಎಂಬ ಅನುಕೂಲ ವರ್ಷದ ಕೆಲವು ತಿಂಗಳು ಮಾತ್ರ. ಮಳೆಗಾಲದಲ್ಲಿ ಸ್ವರ್ಣೆ, ಸೀತೆ, ಉದ್ಯಾವರ ನದಿಗಳ ಕೆಂಪು ನೀರು ದಡದುದ್ದಕ್ಕೂ ಹರಡಿಕೊಂಡು ಕಡಲಿನ ಉಪ್ಪು ಇಳಿದುಹೋಗುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳೂ ಕಡಲಿಗಿಳಿಯುವುದಿಲ್ಲ. ಹಾಗಾಗಿ ಡಿಸೆಂಬರಿನಿಂದ ಮಾರ್ಚ್‌ವರೆಗಿನ ತಿಳಿನೀರಿನ ದಿನಗಳಲ್ಲೇ ನಾನು ನೀರು ತುಂಬಿಸಿಕೊಳ್ಳುತ್ತೇನೆ. ಬೋಟಿನಲ್ಲಿ ದುಡಿಯುವ ನೆರೆಮನೆಯ ಅಣ್ಣ, ಸೈಂಟ್ ಮೇರೀಸ್ ದ್ವೀಪ ದಾಟಿದ ಮೇಲೆ ಕ್ಯಾನ್‌ಗಳಲ್ಲಿ ನೀರು ತುಂಬಿ ತಂದುಕೊಡುತ್ತಾರೆ. ಬಂದರಿನ ಒಳಗಿನ ನೀರನ್ನು ಯಾವ ಕಾಲದಲ್ಲೂ ತರಬೇಡಿ. ಅದರ ಮೇಲೆ ಡೀಸೆಲಿನ ಪೊರೆ ಇರುತ್ತದೆ.

ತಂದ ನೀರನ್ನು ಮುಚ್ಚಳವಿರುವ ಕಪ್ಪು ಟ್ಯಾಂಕಿನಲ್ಲಿ ಎರಡು ದಿನ ತಿಳಿಯಾಗಲು ಬಿಡಿ. ಸಾಬೂನು, ಸುವಾಸನೆ ಏನೂ ಸೇರದ ಶೇಕಡಾ 5ರ ಸೋಡಿಯಂ ಹೈಪೊಕ್ಲೋರೈಟ್ ದ್ರಾವಣವನ್ನು 100 ಲೀಟರಿಗೆ 20 ಮಿಲಿಲೀಟರಿನಂತೆ ಸೇರಿಸಿ ಒಂದು ದಿನ ಇಡಿ. ಆಮೇಲೆ ಏರ್ ಪಂಪಿನಿಂದ ಜೋರಾಗಿ ಗಾಳಿ ಹಾಯಿಸಿ. ಉಳಿದ ಕ್ಲೋರಿನ್ ಹೋಗಲು ಸೋಡಿಯಂ ಥಯೋಸಲ್ಫೇಟ್ ಹಾಕಿ. ಪರೀಕ್ಷೆಯ ಕಿಟ್‌ನಲ್ಲಿ ಬಣ್ಣ ಬಾರದಂತಾಗುವವರೆಗೆ ಆ ನೀರನ್ನು ಮುಟ್ಟಬೇಡಿ. ಬೆಂಗಳೂರು, ಮೈಸೂರಿನಂತಹ ಊರುಗಳಲ್ಲಿರುವವರು ಆರ್‌ಒ ನೀರಿಗೆ ಕಡಲ ಮೀನಿನ ಅಕ್ವೇರಿಯಂಗೆಂದೇ ಮಾರುವ ಉಪ್ಪಿನ ಮಿಶ್ರಣವನ್ನು ಲೀಟರಿಗೆ ಸುಮಾರು 35 ಗ್ರಾಂನಂತೆ ಕರಗಿಸಿ ಒಂದು ದಿನ ಕಲಕಲು ಬಿಟ್ಟರೆ ಸಾಕು. ಅಡುಗೆಯ ಉಪ್ಪಿನಿಂದ ಈ ಕೆಲಸ ಆಗುವುದಿಲ್ಲ. ಸಾಂದ್ರತೆ 1.024ರಿಂದ 1.026ರ ನಡುವೆ, ಪಿಎಚ್ 8ರಿಂದ 8.3ರ ನಡುವೆ, ಉಷ್ಣತೆ 27–28 ಡಿಗ್ರಿ ಸೆಲ್ಸಿಯಸ್ ಇರಲಿ. ಏಪ್ರಿಲ್–ಮೇ ತಿಂಗಳಲ್ಲಿ ನಮ್ಮಲ್ಲಿ ತೊಟ್ಟಿಯ ನೀರು 31 ಡಿಗ್ರಿ ದಾಟುತ್ತದೆ. ಆಗ ಟೇಬಲ್ ಫ್ಯಾನಿನ ಗಾಳಿ ನೀರಿನ ಮೇಲ್ಮೈಗೆ ಬೀಳುವಂತೆ ಇಡುತ್ತೇನೆ, ಆವಿಯಾದಷ್ಟು ಸಿಹಿನೀರನ್ನು ದಿನಾ ಬೆಳಗ್ಗೆ ಸೇರಿಸುತ್ತೇನೆ.

ಜೋಡಿ

ಕ್ಲೌನ್ ಮೀನುಗಳಲ್ಲಿ ಗಂಡು ಹೆಣ್ಣು ಎಂದು ಆರಿಸಿ ಕೊಳ್ಳುವ ಅಗತ್ಯವಿಲ್ಲ. ಇವು ಎಲ್ಲವೂ ಮೊದಲು ಗಂಡಾಗಿ ಬೆಳೆಯುವಂತಹವು. ಗುಂಪಿನಲ್ಲಿ ಎಲ್ಲಕ್ಕಿಂತ ದೊಡ್ಡದು ಹೆಣ್ಣಾಗುತ್ತದೆ, ಅದರ ನಂತರದ್ದು ಗಂಡಾಗಿ ಉಳಿಯುತ್ತದೆ, ಮಿಕ್ಕವು ಬಲಿಯದೆಯೇ ಇರುತ್ತವೆ. ಹೆಣ್ಣು ಸತ್ತರೆ ಗಂಡು ಹೆಣ್ಣಾಗಿ ಬದಲಾಗುತ್ತದೆ. ಆದ್ದರಿಂದ ಗಾತ್ರದಲ್ಲಿ ಸ್ಪಷ್ಟ ವ್ಯತ್ಯಾಸವಿರುವ ಎರಡು ಎಳೆಯ ಮೀನುಗಳನ್ನು ಒಟ್ಟಿಗೆ ಬಿಡಿ, ಉಳಿದದ್ದನ್ನು ಅವು ತಾವೇ ತೀರ್ಮಾನಿಸಿಕೊಳ್ಳುತ್ತವೆ. ಚಿಕ್ಕದು ದೊಡ್ಡದರ ಎದುರು ಮೈಯನ್ನು ಪಕ್ಕಕ್ಕೆ ವಾಲಿಸಿ ನಡುಗಿದರೆ ಜೋಡಿ ಕೂಡಿತು ಎಂದು ತಿಳಿಯಿರಿ. ತೊಟ್ಟಿಯಲ್ಲಿಯೇ ಹುಟ್ಟಿದ ಮೀನುಗಳನ್ನೇ ಕೊಳ್ಳಿ. ಬಂಡೆಸಾಲಿನಿಂದ ಹಿಡಿದು ತಂದ ಮೀನು ಹೊಸ ಆಹಾರಕ್ಕೆ ಒಗ್ಗಲು ಒದ್ದಾಡುತ್ತದೆ, ರೋಗವನ್ನೂ ಹೊತ್ತು ತರುತ್ತದೆ. ಓಸೆಲ್ಲಾರಿಸ್ ಮತ್ತು ಪರ್ಕುಲಾ ಎರಡೂ ಕಿತ್ತಳೆ ಮೈಗೆ ಬಿಳಿ ಪಟ್ಟೆಯವೇ. ಬೆನ್ನಿನ ರೆಕ್ಕೆಯ ಗಟ್ಟಿ ಮುಳ್ಳುಗಳನ್ನು ಎಣಿಸಿದರೆ ಓಸೆಲ್ಲಾರಿಸ್‌ಗೆ ಸಾಮಾನ್ಯವಾಗಿ 11, ಪರ್ಕುಲಾಗೆ 10 ಸಿಗುತ್ತವೆ. ಇವೆರಡನ್ನು ಬೆರೆಸಬೇಡಿ. ಬೆರೆಸಿದ ಮರಿ ಯಾವ ಜಾತಿಯದೆಂದು ಹತ್ತು ವರ್ಷದ ಬಳಿಕ ಯಾರೂ ಹೇಳಲಾರರು.

ಜೋಡಿಗೆ 60 ಸೆಂಟಿಮೀಟರ್ ಉದ್ದ, 45 ಅಗಲ, 45 ಎತ್ತರದ ತೊಟ್ಟಿ, ಅಂದರೆ ಸುಮಾರು 120 ಲೀಟರ್ ಸಾಕು. ಮೀನು ಬಿಡುವ ಮೊದಲು ಫಿಲ್ಟರಿನಲ್ಲಿ ಬ್ಯಾಕ್ಟೀರಿಯಾ ನೆಲೆಗೊಳ್ಳಲು ನಾಲ್ಕರಿಂದ ಆರು ವಾರ ಕೊಡಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆಗೆ ಇಳಿದಿರಬೇಕು. ಕಡಲಿನಲ್ಲಿ ಕ್ಲೌನ್ ಮೀನು ಆಸರೆ ಪಡೆಯುವ ಅನಿಮೋನಿ ಎಂಬ ಜೀವಿ ಬೇಕೇ ಎಂದು ಎಲ್ಲರೂ ಕೇಳುತ್ತಾರೆ. ಮೊಟ್ಟೆಯಿಡಲು ಅದು ಬೇಡ. ಸಾಕಲು ಮೀನಿಗಿಂತ ಕಷ್ಟವಾದ ಆ ಜೀವಿಯನ್ನು ಮೀನಿಗಾಗಿ ತಂದು ಕೊಲ್ಲಬೇಡಿ. ನಮ್ಮ ಮೂರೂ ಜೋಡಿಗಳು ಮೊಟ್ಟೆಯಿಡುವುದು ಹಳೆಯ ಮಂಗಳೂರು ಹೆಂಚಿನ ತುಂಡಿನ ಮೇಲೆ. ಮನೆಯ ಮಾಡು ಬಿಚ್ಚಿದಾಗ ಉಳಿದಿದ್ದ ಹೆಂಚುಗಳನ್ನು ಅಂಗೈಯಗಲಕ್ಕೆ ಒಡೆದು, ಉಜ್ಜಿ ತೊಳೆದು, ವಾರಗಟ್ಟಲೆ ನೀರಿನಲ್ಲಿ ನೆನೆಸಿ, ತೊಟ್ಟಿಯ ಮೂಲೆಗೆ ಒರಗಿಸಿ ಇಟ್ಟೆ. ಮೊಟ್ಟೆ ಗಾಜಿಗೆ ಅಂಟಿದರೆ ಎತ್ತಿ ಸಾಗಿಸಲು ಆಗುವುದಿಲ್ಲ, ಹೆಂಚಾದರೆ ಹಾಗೆಯೇ ಎತ್ತಬಹುದು.

ಆಹಾರದಲ್ಲಿ ಜಿಪುಣತನ ಬೇಡ. ದಿನಕ್ಕೆ ಮೂರು ಸಲ ಕೊಡುತ್ತೇನೆ. ಸಿಗಡಿ, ಮರುವಾಯಿ ಮತ್ತು ಪಚ್ಚಿಲೆ ಎಂಬ ಚಿಪ್ಪುಜೀವಿಗಳು, ಇವುಗಳ ಮಾಂಸವನ್ನು ಸಣ್ಣಗೆ ಕೊಚ್ಚಿ, ಚಿಕ್ಕ ಚಿಕ್ಕ ಬಿಲ್ಲೆ ಮಾಡಿ ಫ್ರೀಜರಿನಲ್ಲಿ ಇಟ್ಟುಕೊಂಡಿರುತ್ತೇನೆ. ಜತೆಗೆ ಒಳ್ಳೆಯ ಗುಳಿಗೆ ಆಹಾರ. ಬಂಗುಡೆ, ಬೂತಾಯಿ ಅಗ್ಗವಾಗಿ ಸಿಗುತ್ತವೆಂದು ಹಾಕಿದರೆ ಅವುಗಳ ಎಣ್ಣೆ ನೀರಿನ ಮೇಲೆ ಕಟ್ಟಿಕೊಳ್ಳುತ್ತದೆ. ಇಷ್ಟಾದ ಮೇಲೆ ಕಾಯಬೇಕು. ನಮ್ಮ ಮೊದಲ ಜೋಡಿ ಹದಿನಾಲ್ಕು ತಿಂಗಳು ಕಾಯಿಸಿತು. ಈ ಕಾಯುವ ಕಾಲವನ್ನು ರೋಟಿಫರ್ ಕಲಿಯಲು ಬಳಸಿಕೊಳ್ಳಿ.

ರೋಟಿಫರ್, ಹೆಪ್ಪು ಉಳಿಸಿಕೊಂಡ ಹಾಗೆ

ರೋಟಿಫರ್ ಎಂದರೆ ಮಿಲಿಮೀಟರಿನ ಐದನೆಯ ಒಂದು ಭಾಗದಷ್ಟಿರುವ, ಬೆಳಕಿಗೆ ಹಿಡಿದ ಗಾಜಿನ ಲೋಟದಲ್ಲಿ ಬಿಳಿ ಧೂಳಿನಂತೆ ಅಲೆದಾಡುವ ಜೀವಿ. ಕ್ಲೌನ್ ಮರಿಯ ಮೊದಲ ವಾರದ ಊಟ ಅದೊಂದೇ. ಕಡಲ ಮೀನಿನ ಮರಿ ಉತ್ಪಾದಿಸುವ ಕೇಂದ್ರಗಳಲ್ಲಿ, ಮೀನುಗಾರಿಕಾ ಕಾಲೇಜುಗಳಲ್ಲಿ, ಇದನ್ನು ಆಗಲೇ ಬೆಳೆಸುತ್ತಿರುವ ಸ್ನೇಹಿತರಲ್ಲಿ ಒಂದು ಬಾಟಲಿ ಕೇಳಿ ತಂದರೆ ಸಾಕು, ಉಳಿದದ್ದು ನಿಮ್ಮ ಕೈಯಲ್ಲಿದೆ.

20 ಲೀಟರಿನ ಎರಡು ಬಕೆಟ್ ತೆಗೆದುಕೊಳ್ಳಿ. ಕಡಲ ನೀರಿಗೆ ಸಿಹಿನೀರು ಸೇರಿಸಿ ಉಪ್ಪಿನಂಶವನ್ನು ಲೀಟರಿಗೆ 25 ಗ್ರಾಂಗೆ ಇಳಿಸಿ, ಗಾಳಿಯನ್ನು ಸಣ್ಣ ಗುಳ್ಳೆಗಳಾಗಿಸುವ ಏರ್ ಸ್ಟೋನ್ ತೆಗೆದು ಬರಿಯ ಕೊಳವೆಯಿಂದ ದೊಡ್ಡ ಗುಳ್ಳೆಗಳು ನಿಧಾನವಾಗಿ ಏಳುವಂತೆ ಮಾಡಿ. ಸಣ್ಣ ಗುಳ್ಳೆಗಳು ರೋಟಿಫರನ್ನು ನೊರೆಗೆ ಸಿಕ್ಕಿಸುತ್ತವೆ. ಆಹಾರಕ್ಕೆ ನ್ಯಾನೋಕ್ಲೊರಾಪ್ಸಿಸ್ ಎಂಬ ಸೂಕ್ಷ್ಮ ಪಾಚಿ. ಅದನ್ನು ಕಿಟಕಿಯ ಬಳಿ ಬಾಟಲಿಗಳಲ್ಲಿ ಬೆಳೆಸಬಹುದು, ಇಲ್ಲವೇ ಗಟ್ಟಿ ಹಿಟ್ಟಿನಂತೆ ಸಿಗುವುದನ್ನು ಕೊಂಡು ಫ್ರಿಜ್ಜಿನಲ್ಲಿ ಇಡಬಹುದು. ನೀರು ತಿಳಿ ಹಸಿರಾಗುವಷ್ಟು ಹಾಕಿ, ಬಣ್ಣ ಬಿಳಿಚಿಕೊಂಡರೆ ಮತ್ತೆ ಹಾಕಿ. ಬೇಕರಿಯ ಈಸ್ಟ್ ಕೂಡ ಅವು ತಿನ್ನುತ್ತವೆ, ಆದರೆ ನೀರು ಬೇಗ ಕೆಡುತ್ತದೆ, ಮರಿಗೆ ಬೇಕಾದ ಕೊಬ್ಬಿನ ಆಮ್ಲಗಳೂ ಅದರಲ್ಲಿಲ್ಲ. ನಾನು ಅದನ್ನು ಬಿಟ್ಟು ಬಹಳ ಕಾಲವಾಯಿತು. ಪಾಚಿಯ ಬಾಟಲಿಗೆ ಮುಟ್ಟಿಸಿದ ಜಗ್ಗನ್ನು ರೋಟಿಫರ್ ಬಕೆಟಿಗೆ, ರೋಟಿಫರ್ ಬಕೆಟಿನ ಜಗ್ಗನ್ನು ಪಾಚಿಗೆ ಬಳಸಬೇಡಿ. ಒಂದೇ ಒಂದು ರೋಟಿಫರ್ ಪಾಚಿಯ ಬಾಟಲಿಗೆ ಬಿದ್ದರೆ ವಾರದೊಳಗೆ ಪಾಚಿ ಖಾಲಿ.

ಪ್ರತಿದಿನ ಬಕೆಟಿನ ಕಾಲು ಭಾಗದಿಂದ ಮೂರನೆಯ ಒಂದು ಭಾಗದವರೆಗಿನ ನೀರನ್ನು 53 ಮೈಕ್ರಾನ್ (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದ ಒಂದು ಭಾಗ) ಜರಡಿಯಲ್ಲಿ ಸೋಸಿ ರೋಟಿಫರ್ ತೆಗೆಯಿರಿ, ಅಷ್ಟೇ ಹೊಸ ನೀರು ತುಂಬಿಸಿ. ಮೀನಿಗೆ ಬೇಡದ ದಿನವೂ ತೆಗೆಯಬೇಕು. ತೆಗೆಯದೆ ಬಿಟ್ಟ ಬಕೆಟ್ ಕುಸಿಯುತ್ತದೆ. ಕುಸಿಯುವ ಮುನ್ನ ಅದು ಸೂಚನೆ ಕೊಡುತ್ತದೆ: ಮೇಲೆ ಕಂದು ನೊರೆ ನಿಲ್ಲುತ್ತದೆ, ಹುಳಿ ವಾಸನೆ ಬರುತ್ತದೆ, ಮಸೂರದಲ್ಲಿ ನೋಡಿದರೆ ರೋಟಿಫರಿನ ಹಿಂಬದಿಗೆ ಮೊಟ್ಟೆಗಳು ಅಂಟಿರುವುದಿಲ್ಲ. ಆಗ ಕಾಯದೆ ಆರೋಗ್ಯವಾಗಿರುವಷ್ಟನ್ನು ಸೋಸಿ, ತೊಳೆದು ಹೊಸ ಬಕೆಟಿಗೆ ಹಾಕಿ. ಎರಡು ಬಕೆಟುಗಳನ್ನು ಒಂದೇ ಕೋಣೆಯಲ್ಲಿ ಇಡಬೇಡಿ ಎಂದೂ ಹೇಳುತ್ತೇನೆ. ಒಂದು ವರ್ಷ ತುಲಾ ತಿಂಗಳ ಗುಡುಗಿನ ರಾತ್ರಿ ಕರೆಂಟು ಹೋಗಿ, ಚಾವಡಿಯ ಎರಡೂ ಬಕೆಟುಗಳು ಗಾಳಿಯಿಲ್ಲದೆ ಬೆಳಗಾಗುವುದರೊಳಗೆ ಸತ್ತವು. ಮೊಟ್ಟೆಯೊಡೆಯಲು ಎರಡು ದಿನ ಉಳಿದಿತ್ತು. ಈಗ ಒಂದು ಬಕೆಟ್ ಚಾವಡಿಯಲ್ಲಿ, ಒಂದು ಅಡುಗೆಮನೆಯ ಪಕ್ಕದ ಉಗ್ರಾಣದಲ್ಲಿ ಇದೆ, ಬ್ಯಾಟರಿಯ ಏರ್ ಪಂಪ್ ತಂದಿದ್ದೇನೆ, ಮಣಿಪಾಲದ ಗೆಳತಿಯೊಬ್ಬರಿಗೂ ಒಂದು ಬಾಟಲಿ ಕೊಟ್ಟಿದ್ದೇನೆ. ಮೊಸರು ಮುಗಿದ ಮನೆಯವರು ಪಕ್ಕದ ಮನೆಯಿಂದ ಹೆಪ್ಪು ತರುವಂತೆ ನಾವಿಬ್ಬರೂ ಒಬ್ಬರಿಂದೊಬ್ಬರು ಪಡೆದುಕೊಳ್ಳುತ್ತೇವೆ.

ಎಷ್ಟು ಬೇಕಾಗುತ್ತದೆ ಎಂದು ಲೆಕ್ಕ ಹಾಕಿ ನೋಡೋಣ. ಮರಿಯ ತೊಟ್ಟಿ 40 ಲೀಟರ್. ಮಿಲಿಲೀಟರಿಗೆ 10 ರೋಟಿಫರಿನಂತೆ ಒಟ್ಟು 4 ಲಕ್ಷ ಬೇಕು. ಮಿಲಿಲೀಟರಿಗೆ 150ರಷ್ಟಿರುವ 20 ಲೀಟರ್ ಬಕೆಟಿನಲ್ಲಿ 30 ಲಕ್ಷ ಇರುತ್ತವೆ, ಅದರಲ್ಲಿ ಶೇಕಡಾ 30 ತೆಗೆದರೆ 9 ಲಕ್ಷ. ಎಂದರೆ ಒಂದು ಒಳ್ಳೆಯ ಬಕೆಟ್ ಸಾಕು, ಎರಡನೆಯದು ಆಪತ್ತಿಗೆ. ಎಣಿಸಲು ಸೂಕ್ಷ್ಮದರ್ಶಕವೇ ಬೇಕೆಂದಿಲ್ಲ. ಬಕೆಟಿನ ನೀರನ್ನು ಹತ್ತು ಪಟ್ಟು ತೆಳುಮಾಡಿ, ಒಂದು ಮಿಲಿಲೀಟರನ್ನು ಗಾಜಿನ ತಟ್ಟೆಗೆ ಬಿಟ್ಟು, ಒಂದು ತೊಟ್ಟು ಅಯೋಡಿನ್ ಹಾಕಿದರೆ ಓಡಾಟ ನಿಲ್ಲುತ್ತದೆ. ಮಸೂರ ಹಿಡಿದು ಎಣಿಸಿ. ನಮ್ಮಲ್ಲಿ ಈ ಕೆಲಸ ಮಗಳದು.

ಏಳು ರಾತ್ರಿಗಳು

ಮೊಟ್ಟೆಯಿಡುವ ಎರಡು ಮೂರು ದಿನ ಮೊದಲು ಇಬ್ಬರೂ ಸೇರಿ ಹೆಂಚನ್ನು ಬಾಯಿಯಿಂದ ಕಚ್ಚಿ ಕಚ್ಚಿ ಚೊಕ್ಕ ಮಾಡುತ್ತವೆ. ಹೆಣ್ಣಿನ ಹೊಟ್ಟೆ ತುಂಬಿಕೊಂಡು, ಅಡಿಯಲ್ಲಿ ಮೊಟ್ಟೆಯಿಡುವ ಚಿಕ್ಕ ಬಿಳಿ ಕೊಳವೆ ಇಳಿಯುತ್ತದೆ. ಅದು ಹೆಂಚಿಗೆ ಹೊಟ್ಟೆ ಸವರಿಕೊಂಡು ಸಾಲು ಸಾಲಾಗಿ ಮೊಟ್ಟೆ ಅಂಟಿಸುತ್ತ ಹೋಗುತ್ತದೆ, ಗಂಡು ಹಿಂದೆಯೇ ಬಂದು ಫಲಗೊಳಿಸುತ್ತದೆ. ಮೊದಲ ಒಂದೆರಡು ಸಲ ಮೊಟ್ಟೆಗಳನ್ನು ಅವೇ ತಿಂದುಬಿಡಬಹುದು. ಬೇಸರಪಡಬೇಡಿ, ಎರಡು ವಾರದ ಆಸುಪಾಸಿನಲ್ಲಿ ಮತ್ತೆ ಇಡುತ್ತವೆ. ಬಲಿತ ಜೋಡಿ ಒಂದು ಸಲಕ್ಕೆ ಕೆಲವು ನೂರು ಮೊಟ್ಟೆಗಳನ್ನು ಇಡುತ್ತದೆ.

ಮೊಟ್ಟೆಯ ಆರೈಕೆ ಹೆಚ್ಚಾಗಿ ತಂದೆಯದು. ರೆಕ್ಕೆಯಿಂದ ಗಾಳಿ ಬೀಸಿದಂತೆ ನೀರು ಬೀಸುತ್ತದೆ, ಬಿಳಿಚಿಕೊಂಡ ಮೊಟ್ಟೆಯನ್ನು ಕಿತ್ತು ತೆಗೆಯುತ್ತದೆ. ಈ ದಿನಗಳಲ್ಲಿ ತೊಟ್ಟಿಗೆ ಕೈಹಾಕಿದರೆ ಹೆಣ್ಣು ಕಚ್ಚಲು ಬರುತ್ತದೆ. ಮೊದಲು ಕಿತ್ತಳೆಯಾಗಿದ್ದ ಮೊಟ್ಟೆ ಮೂರು ನಾಲ್ಕು ದಿನದಲ್ಲಿ ಕಂದಾಗುತ್ತದೆ, ಆಮೇಲೆ ಒಳಗಿನ ಕಣ್ಣುಗಳು ಕಾಣತೊಡಗುತ್ತವೆ. ಕಣ್ಣುಗಳು ಬೆಳ್ಳಿಯಂತೆ ಹೊಳೆದರೆ ಅಂದೇ ರಾತ್ರಿ. 27–28 ಡಿಗ್ರಿಯಲ್ಲಿ ನಮ್ಮಲ್ಲಿ ಅದು ಏಳನೆಯ ಅಥವಾ ಎಂಟನೆಯ ರಾತ್ರಿ.

ಆ ಸಂಜೆ ಮಾಡಬೇಕಾದದ್ದು ಇಷ್ಟು. ಮರಿಯ ತೊಟ್ಟಿಯ ನಾಲ್ಕೂ ಬದಿಗೆ ಕಪ್ಪು ಕಾಗದ ಅಂಟಿಸಿರಬೇಕು. ಬದಿಗಳಿಂದ ಬೆಳಕು ಬಂದರೆ ಮರಿಗಳು ಅದರ ಕಡೆಗೆ ಗಾಜಿಗೆ ತಲೆ ಗುದ್ದಿಕೊಂಡು ಸಾಯುತ್ತವೆ. ತಾಯಿ ತೊಟ್ಟಿಯ ನೀರನ್ನೇ ಅದಕ್ಕೆ ತುಂಬಿಸಿ, ಉಷ್ಣತೆ ಎರಡರಲ್ಲೂ ಒಂದೇ ಇದೆಯೇ ಎಂದು ನೋಡಿ. ಹೆಂಚನ್ನು ಬಟ್ಟಲಿನೊಳಗೆ ನೀರಿನಲ್ಲಿ ಮುಳುಗಿದ್ದ ಹಾಗೆಯೇ ಎತ್ತಿ ತನ್ನಿ. ಮೊಟ್ಟೆಯಿರುವ ಮಗ್ಗುಲು ಕೆಳಮುಖವಾಗಿ ವಾಲುವಂತೆ ಒರಗಿಸಿ, ಅದರ ಪಕ್ಕದಲ್ಲಿ ಏರ್ ಸ್ಟೋನ್ ಇಟ್ಟು, ಗುಳ್ಳೆಗಳು ಮೊಟ್ಟೆಗಳನ್ನು ಸದಾ ಅಲುಗಾಡಿಸುವಂತೆ ಮಾಡಿ. ತಂದೆಯ ರೆಕ್ಕೆಯ ಕೆಲಸವನ್ನು ಈಗ ಗಾಳಿಯೇ ಮಾಡಬೇಕು. ಆಮೇಲೆ ಪೂರ್ತಿ ಕತ್ತಲೆ. ಚಾವಡಿಯ ದೀಪ ಆರಿಸುವ ಮುಂಚೆ ನಮ್ಮ ಅತ್ತೆ ತಪ್ಪದೆ ಕೇಳುತ್ತಾರೆ: “ಇವತ್ತು ದೀಪ ಹಾಕಬಾರದ ರಾತ್ರಿಯೇ?” ಕತ್ತಲಾದ ಒಂದೆರಡು ಗಂಟೆಯೊಳಗೆ ಮೊಟ್ಟೆಗಳು ಒಡೆಯುತ್ತವೆ. ಹತ್ತು ಗಂಟೆಯ ಸುಮಾರಿಗೆ ಮಂದ ಟಾರ್ಚನ್ನು ಒಂದು ಕ್ಷಣ ಹಾಯಿಸಿದರೆ ಮೂರು ನಾಲ್ಕು ಮಿಲಿಮೀಟರಿನ ಗಾಜಿನ ಚೂರುಗಳಂತೆ ಮರಿಗಳು ಬೆಳಕಿನತ್ತ ಬರುತ್ತವೆ. ಒಡೆಯದೆ ಉಳಿದ ಮೊಟ್ಟೆಗಳಿದ್ದರೆ ಹೆಂಚನ್ನು ತಂದೆಗೆ ಮರಳಿಸಿ, ಮರುದಿನ ರಾತ್ರಿ ಮತ್ತೆ ತನ್ನಿ. ಮರಿಗಳನ್ನು ಬಲೆಯಿಂದ ಎಂದಿಗೂ ಎತ್ತಬೇಡಿ. ಅವುಗಳ ಮೈ ತಡೆಯುವುದಿಲ್ಲ, ಬಟ್ಟಲಿನಿಂದ ನೀರಿನೊಂದಿಗೆ ಎತ್ತಿ.

ಮೊದಲ ಹನ್ನೆರಡು ದಿನ

ಮರುದಿನ ಬೆಳಗ್ಗೆ ಬೆಳಕು ಹರಿಯುವ ಹೊತ್ತಿಗೆ ರೋಟಿಫರ್ ತೊಟ್ಟಿಯಲ್ಲಿರಬೇಕು. ಮಿಲಿಲೀಟರಿಗೆ 10ರಿಂದ 15. ನೀರಿಗೆ ಪಾಚಿ ಸೇರಿಸಿ ತಿಳಿ ಹಸಿರು ಬಣ್ಣ ಬರಿಸಿ. ಹಸಿರಿನ ಹಿನ್ನೆಲೆಯಲ್ಲಿ ಮರಿಗೆ ಬೇಟೆ ಕಾಣುತ್ತದೆ, ಬೆಳಕು ಮೃದುವಾಗುತ್ತದೆ, ರೋಟಿಫರಿನ ಹೊಟ್ಟೆಯೂ ತುಂಬಿರುತ್ತದೆ. ಖಾಲಿ ಹೊಟ್ಟೆಯ ರೋಟಿಫರ್ ತಿಂದ ಮರಿಗೆ ಸಿಗುವುದು ಸಿಪ್ಪೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ ಎಣಿಸಿ, ಕಡಿಮೆಯಾದಷ್ಟು ತುಂಬಿಸಿ. ಶಾಲೆಯ ದಿನಗಳಲ್ಲಿ ಮಧ್ಯಾಹ್ನದ ಸರದಿ ಅತ್ತೆಯವರದು. ಮರಿ ಮೈಯನ್ನು ಎಸ್ ಆಕಾರಕ್ಕೆ ಬಾಗಿಸಿ ಮುಂದಕ್ಕೆ ಚಿಮ್ಮಿದರೆ ಬೇಟೆಯಾಡುತ್ತಿದೆ ಎಂದರ್ಥ. ಮಸೂರದಲ್ಲಿ ನೋಡಿದರೆ ತುಂಬಿದ ಹೊಟ್ಟೆ ಕಾಣುತ್ತದೆ.

ಈ ತೊಟ್ಟಿಯಲ್ಲಿ ಫಿಲ್ಟರ್ ಹಾಕುವಂತಿಲ್ಲ, ಮರಿಗಳನ್ನೇ ಎಳೆದುಕೊಳ್ಳುತ್ತದೆ. ಆದ್ದರಿಂದ ಅಮೋನಿಯಾ ದೊಡ್ಡ ಶತ್ರು. ಕಡಲ ನೀರಿನ ಪಿಎಚ್ ಹೆಚ್ಚಿರುವುದರಿಂದ ಅಮೋನಿಯಾದ ವಿಷಕಾರಿ ರೂಪವೂ ಹೆಚ್ಚು. ಪ್ರತಿದಿನ ಏರ್ ಪಂಪಿನ ತೆಳು ಕೊಳವೆಯಿಂದ ತಳದ ಕಸವನ್ನು ಬಿಳಿ ಬಟ್ಟಲಿಗೆ ಎಳೆಯುತ್ತೇನೆ. ಜತೆಗೆ ಬಂದ ಮರಿಗಳು ಬಿಳಿಯ ಮೇಲೆ ಕಾಣುತ್ತವೆ, ಮರಳಿ ಬಿಡಬಹುದು. ತೆಗೆದಷ್ಟು ನೀರನ್ನು ತಾಯಿ ತೊಟ್ಟಿಯಿಂದ ತೊಟ್ಟು ತೊಟ್ಟಾಗಿ ಇಳಿಸುತ್ತೇನೆ. ಒಮ್ಮೆಲೇ ಸುರಿದರೆ ಮರಿಗಳು ಆಘಾತಕ್ಕೆ ಸಾಯುತ್ತವೆ.

ಆರನೆಯ ಅಥವಾ ಏಳನೆಯ ದಿನದಿಂದ ಆಗತಾನೆ ಮೊಟ್ಟೆಯೊಡೆದ ಆರ್ಟೀಮಿಯಾ ಎಂಬ ಪುಟ್ಟ ಸಿಗಡಿಯಂಥ ಜೀವಿಯ ಮರಿಗಳನ್ನು ಸ್ವಲ್ಪ ಸ್ವಲ್ಪ ಕೊಡಿ, ರೋಟಿಫರ್ ನಿಲ್ಲಿಸಬೇಡಿ. ಆರ್ಟೀಮಿಯಾ ರೋಟಿಫರಿಗಿಂತ ಎರಡು ಪಟ್ಟು ದೊಡ್ಡದು. ಮರಿ ದುರಾಸೆಯಿಂದ ನುಂಗಿ ಅರಗಿಸಲಾಗದೆ ಸಾಯುವುದನ್ನು ನಾಲ್ಕನೆಯ ಸಲ ಕಂಡೆ. ಆ ಸಲ ಐದನೆಯ ದಿನವೇ ಕೈತುಂಬಾ ಹಾಕಿದ್ದೆ. ಒಡೆದ ಚಿಪ್ಪುಗಳನ್ನು ಚೆನ್ನಾಗಿ ಬೇರ್ಪಡಿಸಿ. ಗಾಳಿ ನಿಲ್ಲಿಸಿ ಐದು ನಿಮಿಷ ಬಿಟ್ಟರೆ ಚಿಪ್ಪು ಮೇಲೆ, ಆರ್ಟೀಮಿಯಾ ಬೆಳಕಿರುವ ತಳದಲ್ಲಿ ಸೇರುತ್ತವೆ. ಎಂಟರಿಂದ ಹನ್ನೆರಡನೆಯ ದಿನದೊಳಗೆ ಮರಿ ರೂಪ ಬದಲಿಸುತ್ತದೆ. ಕಪ್ಪಗಿನ ಮೈಗೆ ಕಿತ್ತಳೆ ಬರುತ್ತದೆ, ತಲೆಯ ಹಿಂದಿನ ಬಿಳಿ ಪಟ್ಟೆ ಮೊದಲು, ನಡುವಿನದು ಆಮೇಲೆ. ನಡುನೀರಿನಲ್ಲಿ ಅಲೆಯುತ್ತಿದ್ದದ್ದು ತಳಕ್ಕೆ, ಗೋಡೆಗೆ ಇಳಿದು ನಿಲ್ಲುತ್ತದೆ. ಈ ದಿನಗಳಲ್ಲಿ ಸಾವು ಹೆಚ್ಚು. ಬೆಳಕು ಏಕಾಏಕಿ ಹಾಕುವುದು, ತೊಟ್ಟಿಯ ಹತ್ತಿರ ಬಾಗಿಲು ಬಡಿಯುವುದು ಕೂಡ ದುರ್ಬಲ ಮರಿಯನ್ನು ಕೊಲ್ಲುತ್ತದೆ. ನಮ್ಮ ಮನೆಯಲ್ಲಿ ಆ ನಾಲ್ಕು ದಿನ ಮಿಕ್ಸಿಯನ್ನೂ ಚಾವಡಿಯಿಂದ ದೂರ ಹಿಡಿದುಕೊಂಡು ಹೋಗುತ್ತೇವೆ.

ಪಟ್ಟೆ ಬಂದ ಮೇಲೆ ಕೆಲಸ ಹಗುರ. ಮೂರು ವಾರದ ಹೊತ್ತಿಗೆ ಸ್ಪಂಜ್ ಫಿಲ್ಟರ್ ಇರುವ ದೊಡ್ಡ ತೊಟ್ಟಿಗೆ ಬಿಡಿ, ಪುಡಿ ಆಹಾರ ಕಲಿಸಿ. ಪಟ್ಟೆ ಅರ್ಧಕ್ಕೆ ನಿಂತ, ಕಿವಿರಿನ ಮುಚ್ಚಳ ಮೋಟಾದ ಮರಿಗಳು ಕೆಲವು ಇರುತ್ತವೆ. ಮೊದಲ ವಾರದ ಆಹಾರ ಸತ್ವಹೀನವಾಗಿದ್ದರೆ ಅವು ಹೆಚ್ಚುತ್ತವೆ. ಕಿವಿರು ಕೆಟ್ಟದ್ದನ್ನು ನಾನು ಯಾರಿಗೂ ಕೊಡುವುದಿಲ್ಲ, ಮನೆಯಲ್ಲೇ ಸಾಕುತ್ತೇನೆ, ಅವುಗಳಿಂದ ಮರಿ ಮಾಡಿಸುವುದಿಲ್ಲ. ಹಾಗೆಯೇ, ಬಿಳಿ ಚದುರಿದ, ಕಪ್ಪು ಕಲೆಯ ಬಣ್ಣ ಬಣ್ಣದ ತಳಿಗಳಿಗೆ ಬೇಡಿಕೆ ಬಹಳ. ಅದು ಅವರವರ ಇಷ್ಟ. ಕಡಲಿನಲ್ಲಿ ಕಾಣುವ ಆ ಸರಳ ಮೂರು ಪಟ್ಟೆಯ ಮೀನನ್ನು ಯಾರಾದರೂ ಶುದ್ಧವಾಗಿ ಉಳಿಸಿಕೊಂಡು ಹೋಗಬೇಕು ಎಂದು ನನಗೆ ಅನ್ನಿಸುತ್ತದೆ. ನಾನು ಅದನ್ನೇ ಮಾಡುತ್ತೇನೆ.

ಆಸೆಯ ಪಟ್ಟಿ

ಈಗ ಜನರು ಕೇಳುವ ಮೀನುಗಳ ವಿಷಯ. ಹಳದಿ ಟ್ಯಾಂಗ್, ನೀಲಿ ಟ್ಯಾಂಗ್, ಮ್ಯಾಂಡರಿನ್, ಫ್ಲೇಮ್ ಏಂಜೆಲ್, ಮೂರಿಷ್ ಐಡಲ್, ಕಡಲ ಕುದುರೆ, ಬಂಗಾಯ್ ಕಾರ್ಡಿನಲ್. ಯಾರು ಕೇಳಿದರೂ ಇವೇ ಹೆಸರುಗಳು. ಪಟ್ಟಿಯನ್ನು ಅಂದದ ಪ್ರಕಾರ ಬರೆಯುತ್ತಾರೆ, ನಾನು ಅದನ್ನು ಮರಿಯ ಬಾಯಿಯ ಪ್ರಕಾರ ತಿರುಗಿ ಬರೆದು ಕೊಡುತ್ತೇನೆ.

ಬಂಗಾಯ್ ಕಾರ್ಡಿನಲ್ ಎಲ್ಲಕ್ಕಿಂತ ಮೇಲೆ. ಇಂಡೋನೇಷ್ಯಾದ ಬಂಗಾಯ್ ದ್ವೀಪಗಳ ಸುತ್ತ ಮಾತ್ರ ಸಹಜವಾಗಿ ಬದುಕುವ ಈ ಮೀನು ಹಿಡಿಯುವವರ ಕೈಗೆ ಸಿಕ್ಕಿ ಸಿಕ್ಕಿ 2007ರಿಂದ ಅಳಿವಿನಂಚಿನ ಪಟ್ಟಿಯಲ್ಲಿದೆ. ತಂದೆ ಮೊಟ್ಟೆಗಳನ್ನು ಬಾಯಿಯಲ್ಲಿಟ್ಟು ಕಾಪಾಡಿ, ಪೂರ್ತಿ ಬೆಳೆದ ಮರಿಗಳನ್ನೇ ಹೊರಬಿಡುತ್ತದೆ. ಅವು ಮೊದಲ ದಿನವೇ ಆರ್ಟೀಮಿಯಾ ತಿನ್ನುತ್ತವೆ, ರೋಟಿಫರ್ ಬೇಡ. ಕ್ಲೌನ್ ಕಲಿತವರು ಮುಂದೆ ಇದನ್ನೇ ಮಾಡಲಿ. ಆಮೇಲೆ ನಿಯಾನ್ ಗೋಬಿ, ಡಾಟಿಬ್ಯಾಕ್. ಇವೂ ಮೊಟ್ಟೆಯನ್ನು ಕಾಯುವ ಮೀನುಗಳು, ರೋಟಿಫರಿನಿಂದ ದಾರಿ ಸಿಗುತ್ತದೆ.

ಏಂಜೆಲ್, ಟ್ಯಾಂಗ್‌ಗಳದು ಬೇರೆಯೇ ಲೋಕ. ಸಂಜೆ ಮಬ್ಬಿನಲ್ಲಿ ನೀರಿನ ಮೇಲಕ್ಕೆ ಏರಿ ಮೊಟ್ಟೆಗಳನ್ನು ಚೆಲ್ಲಿಬಿಡುತ್ತವೆ. ಮೊಟ್ಟೆ ಮಿಲಿಮೀಟರಿಗಿಂತ ಚಿಕ್ಕದು, ಒಂದು ದಿನದಲ್ಲಿ ಒಡೆಯುತ್ತದೆ, ಹೊರಬಂದ ಮರಿಗೆ ಕಣ್ಣೂ ಇನ್ನೂ ಬಲಿತಿರುವುದಿಲ್ಲ, ಬಾಯಿಯೂ ತೆರೆದಿರುವುದಿಲ್ಲ. ಮೂರು ದಿನದ ಬಳಿಕ ತೆರೆಯುವ ಆ ಬಾಯಿಗೆ ರೋಟಿಫರ್ ಹಿಡಿಸುವುದಿಲ್ಲ. ಕೋಪೆಪಾಡ್ ಎಂಬ ಸೂಕ್ಷ್ಮ ನೀರುಜೀವಿಯ, 100 ಮೈಕ್ರಾನ್‌ಗೂ ಚಿಕ್ಕದಾದ ಮರಿಗಳೇ ಬೇಕು. ಕ್ಲೌನ್ ಮೀನನ್ನು ಅಮೆರಿಕದ ಫ್ಲಾರಿಡಾದಲ್ಲಿ ಮಾರ್ಟಿನ್ ಮೋ 1970ರ ದಶಕದಲ್ಲೇ ವಾಣಿಜ್ಯವಾಗಿ ಮರಿ ಮಾಡಿಸಿದ್ದರು. ಹಳದಿ ಟ್ಯಾಂಗ್ ಮರಿ ದೊಡ್ಡದಾಗುವುದನ್ನು ನೋಡಲು 2015ರವರೆಗೆ ಕಾಯಬೇಕಾಯಿತು. ಅದನ್ನು ಸಾಧಿಸಿದ್ದು ಹವಾಯಿಯ ಓಷಿಯಾನಿಕ್ ಇನ್‌ಸ್ಟಿಟ್ಯೂಟ್. ನೀಲಿ ಟ್ಯಾಂಗ್ ಮರುವರ್ಷ ಫ್ಲಾರಿಡಾ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಸಾಧ್ಯವಾಯಿತು. ನಡುವಿನ ನಲವತ್ತು ವರ್ಷ ಹೋದದ್ದು ಮುಖ್ಯವಾಗಿ ಆ ಮೊದಲ ತುತ್ತನ್ನು ಹುಡುಕುವುದರಲ್ಲಿ. ಪಾರ್ವೊಕಲಾನಸ್ ಎಂಬ ಪುಟ್ಟ ಕೋಪೆಪಾಡನ್ನು ದೊಡ್ಡ ಪ್ರಮಾಣದಲ್ಲಿ ಬೆಳೆಸಲು ಕಲಿತ ಮೇಲೆ ಬಾಗಿಲು ತೆರೆಯಿತು. ಮನೆಯ ಬಕೆಟುಗಳಲ್ಲಿ ಟ್ಯಾಂಗ್ ಸಾಧ್ಯ ಎಂದು ನಾನು ಯಾರಿಗೂ ಹೇಳುವುದಿಲ್ಲ. ತೊಟ್ಟಿಯಲ್ಲಿ ಹುಟ್ಟಿದ ಟ್ಯಾಂಗ್ ಸಿಕ್ಕರೆ ಹೆಚ್ಚು ಬೆಲೆ ಕೊಟ್ಟಾದರೂ ಅದನ್ನೇ ಕೊಳ್ಳಿ ಎನ್ನುತ್ತೇನೆ.

ಕಷ್ಟದಲ್ಲಿ ಮ್ಯಾಂಡರಿನ್ ಕ್ಲೌನ್‌ಗೂ ಟ್ಯಾಂಗ್‌ಗೂ ನಡುವಿನದು. ಮೊಟ್ಟೆ ತೇಲುವಂತಹದೇ, ಆದರೆ ಮರಿಯ ಅಲೆದಾಟದ ಕಾಲ ಎರಡು ವಾರದಷ್ಟು ಮಾತ್ರ. ಕೋಪೆಪಾಡ್ ಬೆಳೆಸಲು ಕಲಿತ ಮೇಲೆ ಇದನ್ನು ಪ್ರಯತ್ನಿಸಬಹುದು. ಕಡಲಿನಿಂದ ಹಿಡಿದ ಮ್ಯಾಂಡರಿನ್ ಗುಳಿಗೆ ಆಹಾರ ಮುಟ್ಟದೆ ತೊಟ್ಟಿಗಳಲ್ಲಿ ಹಸಿದು ಸಾಯುವುದು ಸಾಮಾನ್ಯವಾದ್ದರಿಂದ ಈ ಮೀನಿನ ಮರಿ ಮಾಡಿಸುವವರು ನಮ್ಮಲ್ಲೂ ಬೇಕು. ಕಡಲ ಕುದುರೆಯನ್ನು ಪಟ್ಟಿಯಿಂದ ಅಳಿಸಿಬಿಡಿ. ನಮ್ಮ ದೇಶದಲ್ಲಿ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ 2001ರಿಂದ ಅದಕ್ಕೆ ರಕ್ಷಣೆ ಇದೆ. ಹವಳಗಳಿಗೂ ಹಾಗೆಯೇ.

ನನ್ನ ಸ್ವಂತ ಆಸೆ ಕೇಳುವವರಿಗೆ ಹೇಳುತ್ತೇನೆ: ನೈಗ್ರಿಪಿಸ್, ಕಪ್ಪು ಹೊಟ್ಟೆಯ ಆ ಸಣ್ಣ ಕ್ಲೌನ್. ಲಕ್ಷದ್ವೀಪ, ಮಾಲ್ಡೀವ್ಸ್, ಶ್ರೀಲಂಕಾಗಳ ಮೀನು ಅದು, ನಮ್ಮ ಅರಬ್ಬಿ ಕಡಲಿನದು. ಲಕ್ಷದ್ವೀಪದ ಅಗತ್ತಿಯಲ್ಲಿ ದ್ವೀಪದ ಹೆಂಗಸರೇ ತೊಟ್ಟಿಯಲ್ಲಿ ಸಾಕುವ ಅಲಂಕಾರಿಕ ಕಡಲ ಜೀವಿಗಳನ್ನು ಬೆಳೆಸಿ ಮಾರುವಂತೆ ರಾಷ್ಟ್ರೀಯ ಮತ್ಸ್ಯ ಆನುವಂಶಿಕ ಸಂಪನ್ಮೂಲ ಬ್ಯೂರೊ ತರಬೇತಿ ಕೊಟ್ಟಿದೆ. ತಮಿಳುನಾಡಿನ ಮಂಡಪಂನಲ್ಲಿ ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾ ಸಂಸ್ಥೆ ಕ್ಲೌನ್ ಮರಿ ಮಾಡಿಸುವುದನ್ನು ಕಲಿಸಿದೆ. ಅಂತಹ ಕಡೆ ಹುಟ್ಟಿದ ನೈಗ್ರಿಪಿಸ್ ಜೋಡಿಯೊಂದಕ್ಕೆ ನಾನು ಕಾಯುತ್ತಿದ್ದೇನೆ. ತೊಟ್ಟಿ ಸಿದ್ಧವಾಗಿದೆ, ಹೆಂಚು ನೀರಿನಲ್ಲಿದೆ.

ಕೊಡುವಾಗ

ಎರಡೂವರೆ ಸೆಂಟಿಮೀಟರ್ ಆಗುವವರೆಗೆ, ಅಂದರೆ ಸುಮಾರು ಮೂರು ತಿಂಗಳು, ಮರಿಗಳನ್ನು ಯಾರಿಗೂ ಕೊಡುವುದಿಲ್ಲ. ಹೊರಡುವ ಹಿಂದಿನ ದಿನ ಆಹಾರ ಹಾಕುವುದಿಲ್ಲ, ಇಲ್ಲದಿದ್ದರೆ ಚೀಲದ ನೀರು ದಾರಿಯಲ್ಲೇ ಕೆಡುತ್ತದೆ. ಎರಡು ಪದರದ ಪ್ಲಾಸ್ಟಿಕ್ ಚೀಲ, ಮೂರನೆಯ ಒಂದು ಭಾಗ ನೀರು, ಉಳಿದದ್ದು ಆಮ್ಲಜನಕ. ಬೆಂಗಳೂರಿಗೆ ರಾತ್ರಿ ಬಸ್ಸಿನಲ್ಲಿ ಹೋಗುವುದಾದರೆ ಥರ್ಮೊಕೋಲ್ ಪೆಟ್ಟಿಗೆಯಲ್ಲಿಟ್ಟು ಎಸಿಯ ತಂಪು ತಾಗದಂತೆ ಟೇಪು ಸುತ್ತುತ್ತೇನೆ. ಪೆಟ್ಟಿಗೆಯ ಮೇಲೆ ಮೊಟ್ಟೆಯೊಡೆದ ತಾರೀಕು, ತಾಯಿ ತಂದೆ ಯಾವ ಜೋಡಿ, ಈಗ ತಿನ್ನುತ್ತಿರುವ ಆಹಾರ ಯಾವುದು, ನೀರಿನ ಸಾಂದ್ರತೆ ಎಷ್ಟು ಎಂದು ಬರೆದಿರುತ್ತೇನೆ. ಇಬ್ಬರಿಗಿಂತ ಹೆಚ್ಚು ಜನ ಒಂದೇ ಊರಿನಿಂದ ಕೇಳಿದರೆ ಬೇರೆ ಬೇರೆ ಜೋಡಿಯ ಮರಿಗಳನ್ನು ಕಳಿಸುತ್ತೇನೆ, ಮುಂದೆ ಅವರು ಅಣ್ಣತಂಗಿಯರಲ್ಲದ ಮೀನುಗಳನ್ನು ಜೋಡಿಸಿಕೊಳ್ಳಲಿ ಎಂದು. ಅದರ ಜತೆಗೆ ಕೇಳದೆಯೇ ಒಂದು ಬಾಟಲಿ ರೋಟಿಫರ್ ಕೂಡ ಕಟ್ಟಿಕೊಡುತ್ತೇನೆ.